ಅಂತರ್ಜಾಲ ತಟಸ್ಥತೆ ಮತ್ತು ಕೈಗೆಟುಕುವ ಇಂಟರ್‌ನೆಟ್

ಅಂತರ್ಜಾಲ ತಟಸ್ಥತೆ ಎಂದರೆ, ಇಂಟರ್‌ನೆಟ್ ಸಂಪರ್ಕ ಕೊಡುವ ಕಂಪನಿ ತನ್ನ ಜಾಲದಲ್ಲಿ ಹಾದುಹೋಗುವ ಮಾಹಿತಿಯ ನಡುವೆ ಪಂಕ್ತಿಭೇದ ಮಾಡಬಾರದು ಎಂಬ ನಿಯಮ. ಗ್ರಾಹಕ ಯಾವ ಜಾಲತಾಣ ತೆರೆದರೂ, ಯಾವ ಆಪ್ ಬಳಸಿದರೂ ಕಂಪನಿ ಅದನ್ನು ತಡೆಯಬಾರದು, ಬೇಕೆಂದೇ ನಿಧಾನ ಮಾಡಬಾರದು, ಹಣ ಕೊಟ್ಟವರದನ್ನು ಮುಂದೆ ಬಿಡಬಾರದು, ಒಂದಕ್ಕೆ ಒಂದು ದರ ಮತ್ತೊಂದಕ್ಕೆ ಮತ್ತೊಂದು ದರ ಹಾಕಬಾರದು. ಬರವಣಿಗೆಯಲ್ಲಿ ‘ಜಾಲ ತಟಸ್ಥತೆ’, ‘ಅಂತರ್ಜಾಲ ಸಮಾನತೆ’ ಎನ್ನುವುದೂ ಉಂಟು; ಮಾತಿನಲ್ಲಿ ‘ನೆಟ್ ನ್ಯೂಟ್ರಾಲಿಟಿ’ಯೇ ನಿಂತಿದೆ. ಇದರ ಬೆನ್ನಿಗೇ ಬಂದದ್ದು ದರದ ಪ್ರಶ್ನೆ. ಪೂರ್ತಿ ಇಂಟರ್‌ನೆಟ್ಟಿಗೆ ದುಡ್ಡು ಕೊಡಲಾರದವರಿಗೆ ಅದರ ಒಂದು ತುಣುಕನ್ನು ಪುಕ್ಕಟೆ ಕೊಟ್ಟರೆ ತಪ್ಪೇನು? 2015 ಮತ್ತು 2016ರಲ್ಲಿ ಭಾರತ ಈ ಪ್ರಶ್ನೆಯನ್ನು ಬೀದಿಗೆ ತಂದು, ಲಕ್ಷಾಂತರ ಜನರ ಎದುರು ಚರ್ಚಿಸಿ, ತುಣುಕು ಬೇಡ ಎಂದು ತೀರ್ಮಾನಿಸಿತು. ಅದು ಸರಿಯಾದ ತೀರ್ಮಾನ. ಆದರೆ ಪೂರ್ತಿಯನ್ನು ಎಲ್ಲರ ಕೈಗೆ ಮುಟ್ಟಿಸುವ ಕೆಲಸ ಅದರಿಂದ ತಾನಾಗಿ ಆಗಲಿಲ್ಲ.

ಎಸ್‌ಟಿಡಿ ಬೂತಿನ ಕಾಲ ಕಂಡವರಿಗೆ ತಟಸ್ಥತೆ ಹೊಸ ವಿಚಾರವಲ್ಲ. ಹಳದಿ ಬೋರ್ಡಿನ ಆ ಗೂಡಿನಲ್ಲಿ ಮೀಟರು ಓಡುತ್ತಿದ್ದದ್ದು ದೂರ ಮತ್ತು ಹೊತ್ತಿನ ಲೆಕ್ಕದ ಮೇಲೆ. ರಾತ್ರಿ ದರ ಇಳಿಯುತ್ತದೆಂದು ಜನ ಊಟ ಮುಗಿಸಿ ಬಂದು ಸಾಲು ನಿಲ್ಲುತ್ತಿದ್ದರು. ಮಗಳ ಹೆರಿಗೆಯ ಸುದ್ದಿಗೆ ಒಂದು ದರ, ಅಡಿಕೆ ಧಾರಣೆ ಕೇಳಿದರೆ ಇನ್ನೊಂದು ದರ ಎಂದು ಯಾರೂ ಹೇಳಲಿಲ್ಲ. ಆ ತುದಿಯಲ್ಲಿ ಫೋನೆತ್ತುವವರು ಇಲಾಖೆಗೆ ಬೇರೆಯಾಗಿ ದುಡ್ಡು ಕಟ್ಟಿದ್ದಾರೆಯೇ ಎಂದೂ ಕೇಳಲಿಲ್ಲ. ಹೊತ್ತಿಗೆ ತಕ್ಕಂತೆ, ಬಳಕೆಗೆ ತಕ್ಕಂತೆ ದರ ಏರಿಳಿದರೆ ತಟಸ್ಥತೆಗೆ ಧಕ್ಕೆಯಿಲ್ಲ. ಮಾತಿನ ವಿಷಯ ನೋಡಿ, ಮಾತಾಡುವವರ ಗುರುತು ನೋಡಿ ದರ ಹಾಕಿದಾಗ ಧಕ್ಕೆ ಬರುತ್ತದೆ. ಭಾರತದ ಇಂದಿನ ಕಾನೂನು ನಿಂತಿರುವುದೂ ಈ ಗೆರೆಯ ಮೇಲೆಯೇ.

ಕಂಪನಿಗಳಿಗೆ ಭೇದ ಮಾಡುವುದು ಹೇಗೆ ಸಾಧ್ಯವಾಗುತ್ತದೆ ಎಂಬುದನ್ನು ಇಲ್ಲಿ ಹೇಳಬೇಕು. ಫೋನಿನಿಂದ ಹೊರಡುವ ಫೋಟೊ, ಮಾತು, ವಿಡಿಯೊ ಎಲ್ಲವೂ ಪ್ಯಾಕೆಟ್ ಎಂಬ ಸಣ್ಣ ಕಟ್ಟುಗಳಾಗಿ ಒಡೆಯುತ್ತವೆ. ಒಂದೊಂದೂ ಸಾಮಾನ್ಯವಾಗಿ 1,500 ಬೈಟ್ ಮೀರುವುದಿಲ್ಲ. ಪ್ರತಿ ಕಟ್ಟಿನ ತಲೆಯ ಮೇಲೆ ಎಲ್ಲಿಂದ, ಎಲ್ಲಿಗೆ ಎಂಬ ವಿಳಾಸವಿರುತ್ತದೆ. ದಾರಿಯಲ್ಲಿರುವ ರೂಟರುಗಳು ಅಂಚೆಯವರ ಹಾಗೆ ವಿಳಾಸ ಓದಿ ಮುಂದಕ್ಕೆ ದಾಟಿಸುತ್ತವೆ. ಲಕೋಟೆ ಬಿಚ್ಚುವ ಅಗತ್ಯ ಅವಕ್ಕಿಲ್ಲ. ಆದರೆ ಲಕೋಟೆಯೊಳಗೆ ಇಣುಕಿ, ಇದು ವಿಡಿಯೊ, ಇದು ಇಂಟರ್‌ನೆಟ್ ಕರೆ ಎಂದು ವಿಂಗಡಿಸಬಲ್ಲ ಯಂತ್ರಗಳು ಬಂದಿವೆ. ಈ ಕ್ರಮಕ್ಕೆ ‘ಡೀಪ್ ಪ್ಯಾಕೆಟ್ ಇನ್‌ಸ್ಪೆಕ್ಷನ್’ ಎಂದು ಹೆಸರು. ವಿಂಗಡಿಸಲು ಬಂದ ಮೇಲೆ ಒಂದನ್ನು ತಡೆಯುವುದೂ ಸುಲಭ, ಒಂದರ ದರ ಏರಿಸುವುದೂ ಸುಲಭ.

ದಾರಿಯಲ್ಲಿ ಕೈಯಾಡಿಸುವುದು ಬರೀ ಊಹೆಯ ಮಾತೂ ಅಲ್ಲ. 2015ರ ಜೂನ್‌ನಲ್ಲಿ ಬೆಂಗಳೂರಿನ ಪ್ರೋಗ್ರಾಮರ್ ಒಬ್ಬರು ಏರ್‌ಟೆಲ್ 3ಜಿಯಲ್ಲಿ ಜಾಲತಾಣವೊಂದನ್ನು ತೆರೆದಾಗ, ಆ ತಾಣದವರು ಬರೆಯದ ಜಾವಾಸ್ಕ್ರಿಪ್ಟ್ ಸಾಲುಗಳು ಪುಟದೊಳಗೆ ಸೇರಿಕೊಂಡಿದ್ದವು. ಅವರು ಅದನ್ನು ಸಾರ್ವಜನಿಕವಾಗಿ ಹಾಕಿದರು. ಕೂಡಲೇ ಆ ಸಾಲುಗಳ ಹಿಂದಿದ್ದ ಇಸ್ರೇಲಿನ ಕಂಪನಿಯ ಪರವಾಗಿ ವಕೀಲರ ನೋಟಿಸ್ ಬಂತು. ಗ್ರಾಹಕರಿಗೆ ಡೇಟಾ ಬಳಕೆಯ ಲೆಕ್ಕ ತೋರಿಸಲು ನಡೆಸಿದ ಪ್ರಯೋಗ ಇದು, ನೋಟಿಸಿಗೂ ತನಗೂ ಸಂಬಂಧವಿಲ್ಲ ಎಂದು ಏರ್‌ಟೆಲ್ ಸಮಜಾಯಿಷಿ ಕೊಟ್ಟಿತು. ಉದ್ದೇಶ ಏನೇ ಇರಲಿ, ಓದುವವರಿಗೂ ಬರೆದವರಿಗೂ ತಿಳಿಯದಂತೆ ನಡುದಾರಿಯಲ್ಲಿ ಪುಟ ಬದಲಾಗಬಹುದು ಎಂಬುದು ಅಂದು ಸಾಮಾನ್ಯ ಓದುಗರ ಕಣ್ಣಿಗೂ ಬಿತ್ತು.

ಹೊರದೇಶಗಳಲ್ಲಿ

‘ನೆಟ್‌ವರ್ಕ್ ನ್ಯೂಟ್ರಾಲಿಟಿ’ ಎಂಬ ಪದವನ್ನು ಚಲಾವಣೆಗೆ ತಂದವರು ಅಮೆರಿಕದ ಕಾನೂನು ಪ್ರಾಧ್ಯಾಪಕ ಟಿಮ್ ವು, 2003ರ ಒಂದು ಪ್ರಬಂಧದಲ್ಲಿ. ಕಾಮ್‌ಕಾಸ್ಟ್ ಕಂಪನಿ ಬಿಟ್‌ಟೊರೆಂಟ್ ಸಂಚಾರಕ್ಕೆ ಅಡ್ಡಿ ಮಾಡುತ್ತಿದೆ ಎಂಬುದು 2007ರಲ್ಲಿ ಬಯಲಾದಾಗ ಅದು ಪಾಠದ ಕೋಣೆಯಿಂದ ಹೊರಗೆ ಬಂತು. ಅಲ್ಲಿಂದಾಚೆಗೆ ಅಮೆರಿಕದ ನೀತಿ ಸರ್ಕಾರ ಬದಲಾದಂತೆಲ್ಲ ಮಗ್ಗುಲು ಬದಲಿಸಿದೆ. 2015ರ ಫೆಬ್ರುವರಿಯಲ್ಲಿ ಅಲ್ಲಿನ ಸಂಪರ್ಕ ಆಯೋಗ ಬಿಗಿ ನಿಯಮ ತಂದಿತು, 2017ರ ಡಿಸೆಂಬರಿನಲ್ಲಿ ಅದೇ ಆಯೋಗ ಅದನ್ನು ತೆಗೆದುಹಾಕಿತು, 2024ರ ಏಪ್ರಿಲ್‌ನಲ್ಲಿ ಮತ್ತೆ ತಂದಿತು. 2025ರ ಜನವರಿ 2ರಂದು ಮೇಲ್ಮನವಿ ನ್ಯಾಯಾಲಯ ಆಯೋಗಕ್ಕೆ ಆ ಅಧಿಕಾರವೇ ಇಲ್ಲವೆಂದಿತು. ಕ್ಯಾಲಿಫೋರ್ನಿಯದಂಥ ರಾಜ್ಯಗಳ ಸ್ವಂತ ಕಾನೂನು ಮಾತ್ರ ಉಳಿದುಕೊಂಡಿದೆ. ಚಿಲಿ ದೇಶ 2010ರಲ್ಲೇ ತಟಸ್ಥತೆಯನ್ನು ಕಾನೂನಿನಲ್ಲಿ ಬರೆದುಕೊಂಡಿತ್ತು. ಯುರೋಪಿನ ಒಕ್ಕೂಟ 2015ರಲ್ಲಿ ನಿಯಮ ಮಾಡಿತು. ಕೆಲವು ಆಪ್‌ಗಳ ಬಳಕೆಯನ್ನು ಲೆಕ್ಕಕ್ಕೆ ಹಿಡಿಯದ ಕೊಡುಗೆಗಳು ಈ ನಿಯಮಕ್ಕೆ ಹೊಂದುವುದಿಲ್ಲ ಎಂದು ಒಕ್ಕೂಟದ ನ್ಯಾಯಾಲಯ 2021ರ ಸೆಪ್ಟೆಂಬರಿನಲ್ಲಿ ಹೇಳಿತು. ಭಾರತ ಆ ಮಾತನ್ನು ಅದಕ್ಕಿಂತ ಐದು ವರ್ಷ ಮೊದಲೇ ಹೇಳಿಯಾಗಿತ್ತು.

ಭಾರತದಲ್ಲಿ ಕಿಡಿ ಹೊತ್ತಿದ್ದು

2014ರ ಡಿಸೆಂಬರಿನಲ್ಲಿ ಏರ್‌ಟೆಲ್ ಒಂದು ಪ್ರಕಟಣೆ ಹೊರಡಿಸಿತು: ಇಂಟರ್‌ನೆಟ್ ಮೂಲಕ ಮಾಡುವ ಕರೆಗಳು ಇನ್ನು ಸಾಮಾನ್ಯ ಡೇಟಾ ಪ್ಯಾಕಿನೊಳಗೆ ಬರುವುದಿಲ್ಲ, ಅವಕ್ಕೆ ಬೇರೆ ಪ್ಯಾಕು, 75 ಎಂಬಿಗೆ 75 ರೂಪಾಯಿ. ಗ್ರಾಹಕರು ಆಗಲೇ ದುಡ್ಡು ಕೊಟ್ಟು ಕೊಂಡ ಡೇಟಾಕ್ಕೆ, ಅದನ್ನು ಯಾವುದಕ್ಕೆ ಬಳಸುತ್ತೀರಿ ಎಂದು ಕೇಳಿ ಮತ್ತೊಮ್ಮೆ ದುಡ್ಡು ಕೀಳುವ ಲೆಕ್ಕ ಅದು. ಕೂಗೆದ್ದಿತು. ಕೆಲವೇ ದಿನಗಳಲ್ಲಿ ಕಂಪನಿ ಪ್ರಕಟಣೆಯನ್ನು ಹಿಂದಕ್ಕೆ ತೆಗೆದುಕೊಂಡಿತು.

ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ, ಅಂದರೆ ಟ್ರಾಯ್, 2015ರ ಮಾರ್ಚ್ 27ರಂದು ಒಂದು ಸಮಾಲೋಚನಾ ಪತ್ರ ಹೊರತಂದಿತು. 118 ಪುಟ, 20 ಪ್ರಶ್ನೆ. ವಾಟ್ಸ್ಆಪ್, ಸ್ಕೈಪ್‌ನಂಥ ಸೇವೆಗಳಿಗೆ ಲೈಸೆನ್ಸ್ ಬೇಕೇ, ದರದಲ್ಲಿ ಭೇದ ಮಾಡಬಹುದೇ ಎಂದೆಲ್ಲ ಕೇಳಿದ್ದ ಆ ಪತ್ರದ ಭಾಷೆ ಟೆಲಿಕಾಂ ಕಂಪನಿಗಳ ವಾದದ ಕಡೆಗೇ ವಾಲಿದೆ ಎಂದು ಓದಿದವರಿಗೆ ಅನ್ನಿಸಿತು. ಪತ್ರಕರ್ತ ನಿಖಿಲ್ ಪಾಹ್ವಾ, ಬೆಂಗಳೂರಿನ ತಂತ್ರಜ್ಞ ಕಿರಣ್ ಜೊನ್ನಲಗಡ್ಡ ಮೊದಲಾದವರು ಸೇರಿ ‘ಸೇವ್ ದಿ ಇಂಟರ್‌ನೆಟ್’ ಆಂದೋಲನ ಕಟ್ಟಿದರು. ಸ್ವಯಂಸೇವಕರು ಆ 20 ಪ್ರಶ್ನೆಗಳನ್ನು ಬಿಡಿಸಿ, ಉತ್ತರ ಸಿದ್ಧಮಾಡಿ, ಜನ ಓದಿ ತಿದ್ದಿ ಕಳಿಸುವ ಹಾಗೆ ಇಟ್ಟರು. ಹಾಸ್ಯತಂಡ ಎಐಬಿಯ ವಿಡಿಯೊ ವಿಷಯವನ್ನು ಕಾಲೇಜು ಕ್ಯಾಂಟೀನಿಗೂ ಮುಟ್ಟಿಸಿತು. ಟ್ರಾಯ್ ಕಚೇರಿಗೆ ಹತ್ತು ಲಕ್ಷಕ್ಕೂ ಹೆಚ್ಚು ಇಮೇಲ್‌ಗಳು ಹೋದವು. ಬೆಲೆಯೇರಿಕೆಗೆ, ನೀರಿಗೆ, ಗಡಿಗೆ ಹೋರಾಟ ಕಂಡ ನಾಡಿನಲ್ಲಿ ಸಮಾಲೋಚನಾ ಪತ್ರವೊಂದಕ್ಕೆ ಇಷ್ಟು ಜನ ಉತ್ತರ ಬರೆದದ್ದು ಬೇರೆಯೇ ಬಗೆಯ ಘಟನೆ.

ಅದೇ ಏಪ್ರಿಲ್‌ನಲ್ಲಿ ‘ಏರ್‌ಟೆಲ್ ಜೀರೊ’ ಬಂತು. ಆಪ್ ಕಂಪನಿ ಏರ್‌ಟೆಲ್‌ಗೆ ದುಡ್ಡು ಕೊಟ್ಟರೆ ಗ್ರಾಹಕರಿಗೆ ಆ ಆಪ್ ಪುಕ್ಕಟೆ. ಇದಕ್ಕೆ ‘ಜೀರೊ ರೇಟಿಂಗ್’ ಎಂಬ ಹೆಸರಿದೆ. ಮೇಲುನೋಟಕ್ಕೆ ಎಲ್ಲರಿಗೂ ಲಾಭ. ಆದರೆ ದುಡ್ಡು ಕಟ್ಟಬಲ್ಲ ದೊಡ್ಡ ಅಂಗಡಿಯ ಬಾಗಿಲು ಪುಕ್ಕಟೆ, ಆಗಷ್ಟೇ ಶುರುವಾದ ಚಿಕ್ಕ ಅಂಗಡಿಯ ಬಾಗಿಲಿಗೆ ಟಿಕೆಟ್ ಎಂದಾದರೆ, ಎಂಬಿ ಲೆಕ್ಕ ಹಾಕಿ ಬಳಸುವವರು ಚಿಕ್ಕದರತ್ತ ಸುಳಿಯುವುದೇ ಇಲ್ಲ. ಜತೆಗೂಡಲು ಹೊರಟಿದ್ದ ಬೆಂಗಳೂರಿನ ಫ್ಲಿಪ್‌ಕಾರ್ಟ್ ಸಾರ್ವಜನಿಕ ವಿರೋಧ ಕಂಡು ಏಪ್ರಿಲ್ 14ರಂದು ಹಿಂದೆ ಸರಿಯಿತು.

ಫ್ರೀ ಬೇಸಿಕ್ಸ್

ವಾದ ನಿಜವಾಗಿ ಕಾವೇರಿದ್ದು ಫೇಸ್‌ಬುಕ್‌ನ ಯೋಜನೆಯ ಸುತ್ತ. ಇಂಟರ್‌ನೆಟ್ ಡಾಟ್ ಆರ್ಗ್ ಎಂಬ ಹೆಸರಿನಲ್ಲಿ ಅದು 2015ರ ಫೆಬ್ರುವರಿಯಲ್ಲಿ ರಿಲಯನ್ಸ್ ಕಮ್ಯುನಿಕೇಷನ್ಸ್ ಜತೆ ಭಾರತಕ್ಕೆ ಬಂತು. ಆ ಕಂಪನಿಯ ಸಿಮ್ ಇದ್ದವರಿಗೆ ಮೂರು ಡಜನ್‌ನಷ್ಟು ಆಯ್ದ ತಾಣಗಳು ಪುಕ್ಕಟೆ. ಅವುಗಳಲ್ಲಿ ಫೇಸ್‌ಬುಕ್ಕೂ ಒಂದು. ಮೊದಲು ಆರಿಸಿಕೊಂಡ ಆರು ರಾಜ್ಯಗಳಲ್ಲಿ ಕರ್ನಾಟಕ ಇರಲಿಲ್ಲ, ಶುರುವಿನ ಭಾಷೆಗಳಲ್ಲಿ ಕನ್ನಡವೂ ಇರಲಿಲ್ಲ. ಸೆಪ್ಟೆಂಬರಿನಲ್ಲಿ ಅದರ ಹೆಸರು ‘ಫ್ರೀ ಬೇಸಿಕ್ಸ್’ ಆಯಿತು.

ಯೋಜನೆಯ ಪರವಾಗಿದ್ದ ವಾದ ತಳ್ಳಿಹಾಕುವಂಥದ್ದಲ್ಲ. ಗ್ರಂಥಾಲಯದಲ್ಲಿ ಎಲ್ಲ ಪುಸ್ತಕವೂ ಇರುವುದಿಲ್ಲ, ಸರ್ಕಾರಿ ಆಸ್ಪತ್ರೆಯಲ್ಲಿ ಎಲ್ಲ ಚಿಕಿತ್ಸೆಯೂ ಸಿಗುವುದಿಲ್ಲ. ಹಾಗೆಂದು ಅವು ಬೇಡವೆನ್ನುತ್ತೇವೆಯೇ ಎಂದು ಮಾರ್ಕ್ ಜುಕರ್‌ಬರ್ಗ್ 2015ರ ಡಿಸೆಂಬರಿನಲ್ಲಿ ಭಾರತದ ಪತ್ರಿಕೆಯಲ್ಲಿ ಬರೆದರು. ಏನೂ ಇಲ್ಲದವರಿಗೆ ಹವಾಮಾನದ ಮಾಹಿತಿ, ಕೆಲಸದ ಜಾಹೀರಾತು, ಆರೋಗ್ಯದ ಸಲಹೆ ಸಿಕ್ಕರೆ ಸಿಗಲಿ ಎನ್ನುವವರ ಕಳಕಳಿಯಲ್ಲಿ ನಿಜವಿತ್ತು. ವಿಕಿಪೀಡಿಯದಂಥ ಲಾಭದಾಸೆಯಿಲ್ಲದ ಯೋಜನೆ ಕೂಡ ‘ವಿಕಿಪೀಡಿಯ ಜೀರೊ’ ಹೆಸರಿನಲ್ಲಿ ಇದೇ ದಾರಿ ಹಿಡಿದಿತ್ತು. 2012ರಲ್ಲಿ ಶುರುಮಾಡಿ 2018ರಲ್ಲಿ ನಿಲ್ಲಿಸಿತು. ಆದರೆ ಗ್ರಂಥಾಲಯದ ಹೋಲಿಕೆ ಒಂದು ಕಡೆ ಜಾರುತ್ತದೆ. ಊರಿನ ಗ್ರಂಥಾಲಯಕ್ಕೆ ಪುಸ್ತಕ ಆರಿಸುವವರು ಪ್ರಕಾಶಕರಲ್ಲ. ಇಲ್ಲಿ ಪ್ರಕಾಶಕರೇ ಗ್ರಂಥಪಾಲಕರು.

ಒಳಗಿನ ಏರ್ಪಾಡನ್ನು ಹತ್ತಿರದಿಂದ ನೋಡಿದರೆ ಇದು ಇನ್ನೂ ಸ್ಪಷ್ಟ. ಫ್ರೀ ಬೇಸಿಕ್ಸ್‌ನ ಸಂಚಾರವೆಲ್ಲ ಫೇಸ್‌ಬುಕ್ ನಡೆಸುವ ಸರ್ವರ್ ಮೂಲಕ ಹಾದುಹೋಗಬೇಕಿತ್ತು. 2015ರ ಮೇ ತಿಂಗಳಲ್ಲಿ, ಷರತ್ತು ಪಾಲಿಸಿದ ಯಾರು ಬೇಕಾದರೂ ಸೇರಬಹುದು ಎಂದು ಬಾಗಿಲು ತೆರೆದರು. ಷರತ್ತುಗಳು ಹೀಗಿದ್ದವು: ಪುಟದಲ್ಲಿ ಜಾವಾಸ್ಕ್ರಿಪ್ಟ್ ಕೂಡದು, ವಿಡಿಯೊ ಕೂಡದು, ದೊಡ್ಡ ಚಿತ್ರ ಕೂಡದು, ಪುಟದ ಜತೆಗೇ ಇಳಿದು ಬರುವ ವೋಫ್ ಮಾದರಿಯ ಫಾಂಟ್ ಕೂಡದು. ಈ ಕೊನೆಯದರಿಂದ ಇಂಗ್ಲಿಷ್ ತಾಣಕ್ಕೆ ಏನೂ ಬಾಧೆಯಿಲ್ಲ. ಕನ್ನಡದ ತಾಣಕ್ಕೆ ಬಾಧೆಯಿತ್ತು. ಕನ್ನಡ ಫಾಂಟೇ ಇಲ್ಲದ ಅಗ್ಗದ ಫೋನುಗಳು ಆಗ ಧಾರಾಳವಾಗಿದ್ದವು. ಪುಟ ತೆರೆದರೆ ಅಕ್ಷರದ ಜಾಗದಲ್ಲಿ ಖಾಲಿ ಚೌಕಗಳ ಸಾಲು. ಪುಟದ ಜತೆಗೇ ಫಾಂಟನ್ನೂ ಕಳಿಸುವುದು ಅದಕ್ಕಿದ್ದ ಒಂದು ಮದ್ದು. ಬಡವರ ಫೋನಿಗಾಗಿ ಮಾಡಿದ ಯೋಜನೆ ಬಡವರ ಫೋನಿನಲ್ಲಿ ಕನ್ನಡ ಓದಿಸುವ ಮದ್ದನ್ನೇ ಹೊರಗಿಟ್ಟಿತು. ಇದರಲ್ಲಿ ದುರುದ್ದೇಶವಿತ್ತು ಎನ್ನಲು ಕಾರಣವಿಲ್ಲ. ಡೇಟಾ ಉಳಿಸಲು ಹಾಕಿದ ಷರತ್ತು ಅದು. ಆದರೆ ಯಾವುದು ‘ಬೇಸಿಕ್’ ಎಂದು ದೂರದಲ್ಲಿ ಕೂತ ಒಬ್ಬರೇ ತೀರ್ಮಾನಿಸಿದರೆ ಇಂಥವು ಅವರ ಗಮನಕ್ಕೇ ಬರುವುದಿಲ್ಲ. ಗ್ಲೋಬಲ್ ವಾಯ್ಸಸ್ ಸಂಸ್ಥೆಯವರು ಕೆನ್ಯಾ, ಘಾನಾ, ಪಾಕಿಸ್ತಾನ ಸೇರಿದಂತೆ ಆರು ದೇಶಗಳಲ್ಲಿ ಫ್ರೀ ಬೇಸಿಕ್ಸ್ ಬಳಸಿ ನೋಡಿ 2017ರಲ್ಲಿ ವರದಿ ಮಾಡಿದಾಗಲೂ ಸ್ಥಳೀಯ ಭಾಷೆಗಳ ಕೊರತೆ ಎದ್ದು ಕಂಡಿತ್ತು.

2015ರ ಡಿಸೆಂಬರ್ 9ರಂದು ಟ್ರಾಯ್ ಎರಡನೆಯ ಪತ್ರ ಹೊರಡಿಸಿತು. ಈ ಸಲ ನಾಲ್ಕೇ ಪ್ರಶ್ನೆ, ಎಲ್ಲವೂ ದರಭೇದದ ಬಗ್ಗೆ. ಫೇಸ್‌ಬುಕ್ ತನ್ನ ಬಳಕೆದಾರರ ಮುಂದೆ ಒಂದು ಸಿದ್ಧ ಸಂದೇಶ ಇಟ್ಟು, ಒತ್ತಿದರೆ ಟ್ರಾಯ್‌ಗೆ ಹೋಗುವಂತೆ ಮಾಡಿತು. ಪತ್ರಿಕೆಗಳಲ್ಲಿ, ಬಸ್ ನಿಲ್ದಾಣಗಳಲ್ಲಿ ಪುಟಗಟ್ಟಲೆ, ಗೋಡೆಗಟ್ಟಲೆ ಜಾಹೀರಾತು ಹಾಕಿತು. ಬಂದ ಸುಮಾರು 24 ಲಕ್ಷ ಪ್ರತಿಕ್ರಿಯೆಗಳಲ್ಲಿ ಬಹುಪಾಲು ಈ ಸಿದ್ಧ ಸಂದೇಶದವು. ಆಗ ಟ್ರಾಯ್ ಅಧ್ಯಕ್ಷರಾಗಿದ್ದವರು ಆರ್.ಎಸ್. ಶರ್ಮಾ. ಕೇಳಿದ ನಾಲ್ಕು ಪ್ರಶ್ನೆಗಳಿಗೆ ಅವುಗಳಲ್ಲಿ ಉತ್ತರವೇ ಇಲ್ಲ, ಇದು ತಲೆ ಎಣಿಸುವ ಮತದಾನವಲ್ಲ ಎಂಬ ನಿಲುವು ತಾಳಿದ ಪ್ರಾಧಿಕಾರ ಒತ್ತಡಕ್ಕೆ ಬಗ್ಗಲಿಲ್ಲ.

ಭಾರತೀಯ ವಿಜ್ಞಾನ ಸಂಸ್ಥೆ ಮತ್ತು ಐಐಟಿಗಳ ಹಲವು ಅಧ್ಯಾಪಕರು ಜಂಟಿ ಹೇಳಿಕೆ ಕೊಟ್ಟು ಯೋಜನೆಯನ್ನು ವಿರೋಧಿಸಿದರು. ಬೆಂಗಳೂರಿನ ನಂದನ್ ನಿಲೇಕಣಿ ಅವರು ವಿರಲ್ ಶಾ ಜತೆ ಬರೆದ ಲೇಖನದಲ್ಲಿ ಬೇರೆ ದಾರಿಯೊಂದನ್ನು ತೋರಿಸಿದರು: ಸಹಾಯಧನ ಕೊಡುವುದಾದರೆ ಡೇಟಾ ಪ್ಯಾಕಿನ ರೂಪದಲ್ಲಿ ನೇರ ಜನರಿಗೇ ಕೊಡಿ, ಏನು ನೋಡಬೇಕೆಂಬುದನ್ನು ಅವರೇ ಆರಿಸಿಕೊಳ್ಳಲಿ. ನನ್ನ ದೃಷ್ಟಿಯಲ್ಲಿ ಇಡೀ ಚರ್ಚೆಯ ತಿರುಳು ಈ ಸಲಹೆಯಲ್ಲಿದೆ. ಕನ್ನಡದ ಓದುಗರಿಗೆ ಇದರ ಹಳೆಯ ಮಾದರಿಯೊಂದು ಗೊತ್ತಿದೆ. ನೋಂದಾಯಿತ ಪತ್ರಿಕೆಗಳಿಗೆ ಅಂಚೆ ಇಲಾಖೆ ದಶಕಗಳ ಕಾಲ ಪೈಸೆಗಳ ಲೆಕ್ಕದ ರಿಯಾಯಿತಿ ಕೊಟ್ಟಿತು. ಪುಟ್ಟ ಸಾಹಿತ್ಯ ಪತ್ರಿಕೆಗಳು ಚಂದಾದಾರರ ಮನೆ ಮುಟ್ಟಿದ್ದು ಅದರ ಬಲದಿಂದ. ಆ ರಿಯಾಯಿತಿ ನೋಂದಣಿ ಮಾಡಿಸಿದ ಪ್ರತಿ ಪತ್ರಿಕೆಗೂ ಇತ್ತು, ದೊಡ್ಡ ದಿನಪತ್ರಿಕೆಗೂ ಮುನ್ನೂರು ಪ್ರತಿಯ ಮಾಸಿಕಕ್ಕೂ ಒಂದೇ ಬಗೆ.

2016ರ ತೀರ್ಮಾನ

2016ರ ಫೆಬ್ರುವರಿ 8ರಂದು ಟ್ರಾಯ್ ಡೇಟಾ ಸೇವೆಗಳಲ್ಲಿ ತಾರತಮ್ಯದ ದರ ನಿಷೇಧಿಸುವ ನಿಯಮಾವಳಿ ಹೊರಡಿಸಿತು. ಯಾವ ತಾಣ, ಯಾವ ಆಪ್ ಎಂಬುದನ್ನು ನೋಡಿ ದರ ಹಾಕುವಂತಿಲ್ಲ. ತಪ್ಪಿದರೆ ದಿನಕ್ಕೆ 50,000 ರೂಪಾಯಿ, ಗರಿಷ್ಠ 50 ಲಕ್ಷ ರೂಪಾಯಿ ದಂಡ. ತುರ್ತು ಸೇವೆಗಳಿಗೆ ವಿನಾಯಿತಿ ಉಂಟು. ಮೂರು ದಿನಗಳ ನಂತರ ಫೇಸ್‌ಬುಕ್ ಭಾರತದಲ್ಲಿ ಫ್ರೀ ಬೇಸಿಕ್ಸ್ ನಿಲ್ಲಿಸಿತು.

ಅದು ದರದ ಮಟ್ಟಿಗಾಯಿತು. ತಡೆಯುವುದು, ನಿಧಾನಗೊಳಿಸುವುದು, ಮುಂದೆ ಬಿಡುವುದು ಇವುಗಳ ಬಗ್ಗೆ 2017ರ ನವೆಂಬರ್ 28ರಂದು ಶಿಫಾರಸು ಬಂತು; ಸರ್ಕಾರ 2018ರಲ್ಲಿ ಅದನ್ನು ಒಪ್ಪಿ ಕಂಪನಿಗಳ ಲೈಸೆನ್ಸಿನ ಷರತ್ತಿನಲ್ಲೇ ಸೇರಿಸಿತು. ದಟ್ಟಣೆಯ ಹೊತ್ತಿನಲ್ಲಿ ಸಮಂಜಸವಾಗಿ ಸಂಚಾರ ನಿಭಾಯಿಸಲು ಅವಕಾಶವಿದೆ. ದೂರದಿಂದ ನಡೆಸುವ ಶಸ್ತ್ರಚಿಕಿತ್ಸೆಯಂಥ ವಿಶೇಷ ಸೇವೆಗಳನ್ನು ನಿಯಮದ ಹೊರಗಿಡಲಾಗಿದೆ. ಅಮೆರಿಕ ಬಾಗಿಲು ಮುಚ್ಚಿದ ಕೆಲವೇ ತಿಂಗಳಲ್ಲಿ ಭಾರತ ಜಗತ್ತಿನ ಗಟ್ಟಿ ನಿಯಮಗಳಲ್ಲೊಂದನ್ನು ಮಾಡಿಕೊಂಡಿತು.

ದರ ಇಳಿದ ಮೇಲೆ

ಫ್ರೀ ಬೇಸಿಕ್ಸ್ ತಡೆದದ್ದರಿಂದ ಕೋಟ್ಯಂತರ ಬಡವರು ಇಂಟರ್‌ನೆಟ್ ಕಾಣದೆ ಉಳಿಯುತ್ತಾರೆ ಎಂಬ ಆತಂಕವನ್ನು ಅಂದು ಹಲವರು ಆಡಿದ್ದರು. ನಡೆದದ್ದು ಬೇರೆ. 2016ರ ಸೆಪ್ಟೆಂಬರ್ 5ರಂದು ಜಿಯೊ ಮಾರುಕಟ್ಟೆಗೆ ಇಳಿಯಿತು, ದರಗಳು ಕುಸಿದವು. ಟ್ರಾಯ್ ಲೆಕ್ಕದ ಪ್ರಕಾರ 2014ರಲ್ಲಿ ಒಂದು ಜಿಬಿ ಮೊಬೈಲ್ ಡೇಟಾಕ್ಕೆ ಸರಾಸರಿ 268.97 ರೂಪಾಯಿ ಇತ್ತು. 2018ಕ್ಕೆ ಅದು 11.78 ರೂಪಾಯಿ. ಹೊಸ ಕಂಪನಿಯ ಬಂಡವಾಳ, ಪೈಪೋಟಿ, 4ಜಿ ತಂತ್ರಜ್ಞಾನ ಸೇರಿ ಆದ ಕೆಲಸ ಇದು. ಇದರ ಶ್ರೇಯಸ್ಸನ್ನು ತಟಸ್ಥತೆಯ ನಿಯಮಕ್ಕೆ ಕೊಡುವುದು ತಪ್ಪಾಗುತ್ತದೆ. ಆದರೆ ಡೇಟಾ ಅಗ್ಗವಾಗಲು ತಟಸ್ಥತೆಯನ್ನು ಬಿಟ್ಟುಕೊಡಲೇಬೇಕು ಎಂಬ ಮಾತು ಅಲ್ಲಿಗೆ ಸುಳ್ಳಾಯಿತು.

ಉಳಿದ ಕಷ್ಟ ಬೇರೆ ಕಡೆ ಇದೆ. 2021ರ ಮಳೆಗಾಲದಲ್ಲಿ ಸುಳ್ಯ ತಾಲೂಕಿನ ಗುತ್ತಿಗಾರು ಕಡೆಯ ಒಂದು ಚಿತ್ರ ದೇಶವೆಲ್ಲ ಸುತ್ತಿತು. ರಸ್ತೆಯ ಬದಿಯಲ್ಲಿ ಕೂತು ಮೊಬೈಲಿನಲ್ಲಿ ಪಾಠ ಕೇಳುತ್ತಿರುವ ಎಸ್ಸೆಸ್ಸೆಲ್ಸಿ ಹುಡುಗಿ, ಅವಳ ಮೇಲೆ ಕೊಡೆ ಹಿಡಿದು ನಿಂತ ಅಪ್ಪ. ಮನೆಯಲ್ಲಿ ಫೋನಿತ್ತು. ಸಿಗ್ನಲ್ ಇರಲಿಲ್ಲ. ಮಲೆನಾಡಿನ ಹಲವು ಊರುಗಳಲ್ಲಿ ಅದೇ ಕಾಲಕ್ಕೆ ಮಕ್ಕಳು ಗುಡ್ಡದ ನೆತ್ತಿಯಲ್ಲಿ ಟಾರ್ಪಾಲು ಕಟ್ಟಿ ಕೂತರು. ದರ ಹನ್ನೊಂದು ರೂಪಾಯಿಗಿಳಿದದ್ದು ಅವರ ಮಟ್ಟಿಗೆ ಅರ್ಥವಿಲ್ಲದ ಅಂಕಿ. ಇಂಥ ಕಡೆಗೆ ಸಂಪರ್ಕ ಒಯ್ಯಲೆಂದೇ 2002ರಿಂದ ಕಂಪನಿಗಳ ಆದಾಯದ ಒಂದು ಪಾಲು ಸಾರ್ವತ್ರಿಕ ಸೇವಾ ನಿಧಿಗೆ ಸೇರುತ್ತಿದೆ. ಈಗ ಅದರ ಹೆಸರು ಡಿಜಿಟಲ್ ಭಾರತ್ ನಿಧಿ. ಎಲ್ಲ ಗ್ರಾಮ ಪಂಚಾಯಿತಿಗಳಿಗೆ ಫೈಬರ್ ಎಳೆಯುವ ಯೋಜನೆಗೆ 2011ರಲ್ಲೇ ಒಪ್ಪಿಗೆ ಸಿಕ್ಕಿತ್ತು, ಮುಂದೆ ಅದೇ ಭಾರತ್‌ನೆಟ್ ಆಯಿತು. ಗಡುವುಗಳು ಮತ್ತೆ ಮತ್ತೆ ದಾಟಿದವು. ಗ್ರಾಮೀಣ ಚಂದಾದಾರರಿಗೆ ತಿಂಗಳಿಗೆ 100 ಎಂಬಿ ಡೇಟಾವನ್ನು ಆ ನಿಧಿಯಿಂದಲೇ ಪುಕ್ಕಟೆ ಕೊಡಿ, ಯಾವ ತಾಣಕ್ಕಾದರೂ ಬಳಸಲಿ ಎಂದು ಟ್ರಾಯ್ 2016ರ ಡಿಸೆಂಬರಿನಲ್ಲಿ ಶಿಫಾರಸು ಮಾಡಿತು. ನಿಲೇಕಣಿ ಹೇಳಿದ ದಾರಿಯದೇ ಸರ್ಕಾರಿ ರೂಪ ಅದು. ಜಾರಿಗೆ ಬರಲಿಲ್ಲ. ಈ ಕಥೆಯಲ್ಲಿ ನನಗೆ ಅತಿ ಹೆಚ್ಚು ನೋವು ತರುವ ಭಾಗ ಇದೇ.

ಮನೆಯೊಳಗೂ ಒಂದು ಪಂಕ್ತಿಭೇದವಿದೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ, ಒಮ್ಮೆಯಾದರೂ ಇಂಟರ್‌ನೆಟ್ ಬಳಸಿದ್ದೇವೆ ಎಂದ ಪುರುಷರು ನೂರಕ್ಕೆ 57, ಮಹಿಳೆಯರು ನೂರಕ್ಕೆ 33. ಮನೆಗೆ ಒಂದೇ ಸ್ಮಾರ್ಟ್‌ಫೋನ್ ಇದ್ದು ಅದು ಗಂಡನ ಅಥವಾ ಮಗನ ಜೇಬಿನಲ್ಲಿದ್ದರೆ ಪ್ಯಾಕಿನ ದರ ಎಷ್ಟಾದರೇನು?

ಜತೆಗೆ, ದರ ಕೆಳಗೇ ಉಳಿಯಲಿಲ್ಲ. 2024ರ ಜುಲೈನಲ್ಲಿ ಮೂರು ಖಾಸಗಿ ಕಂಪನಿಗಳೂ ಒಟ್ಟೊಟ್ಟಿಗೆ ಪ್ಯಾಕುಗಳ ಬೆಲೆ ಏರಿಸಿದವು. ಕೀಪ್ಯಾಡ್ ಫೋನಿನಲ್ಲಿ ಬರೀ ಮಾತಾಡುವ ಅಜ್ಜಿಯೂ ಬಳಸದ ಡೇಟಾಕ್ಕೆ ದುಡ್ಡು ಕೊಡಬೇಕಾಗಿ ಬಂದಾಗ, ಕರೆ ಮತ್ತು ಎಸ್‌ಎಂಎಸ್‌ಗೆ ಮಾತ್ರದ ಪ್ಯಾಕ್ ಇಡಲೇಬೇಕೆಂದು ಟ್ರಾಯ್ ಆ ಡಿಸೆಂಬರಿನಲ್ಲಿ ಕಡ್ಡಾಯ ಮಾಡಿತು.

ಇನ್ನೂ ನಡೆಯುತ್ತಿರುವ ವಾದ

ಟೆಲಿಕಾಂ ಕಂಪನಿಗಳು ಈಗ ಕೇಳುತ್ತಿರುವುದು ‘ನ್ಯಾಯಯುತ ಪಾಲು’. ಜಾಲದ ಬಹುಭಾಗವನ್ನು ತುಂಬುವುದು ಕೆಲವೇ ದೊಡ್ಡ ವಿಡಿಯೊ ಮತ್ತು ಸಾಮಾಜಿಕ ಜಾಲತಾಣ ಕಂಪನಿಗಳು, ಟವರಿನ ಖರ್ಚಿನಲ್ಲಿ ಅವೂ ಪಾಲು ಕೊಡಲಿ ಎಂಬುದು ಬೇಡಿಕೆ. ವಿಡಿಯೊ ತಾನಾಗಿ ಬಂದು ತುಂಬುವುದಿಲ್ಲ, ದುಡ್ಡು ಕೊಟ್ಟ ಗ್ರಾಹಕರು ಕರೆಸಿಕೊಳ್ಳುತ್ತಾರೆ ಎಂಬ ಉತ್ತರ ಅಷ್ಟೇ ಬಲವಾಗಿದೆ. ದಕ್ಷಿಣ ಕೊರಿಯದಲ್ಲಿ ಇಂಥ ಶುಲ್ಕದ ಪದ್ಧತಿಯಿದೆ. ಅಲ್ಲಿನ ಜಾಲಶುಲ್ಕ ಹೆಚ್ಚಿನ ದೇಶಗಳಿಗಿಂತ ಹತ್ತುಪಟ್ಟು ಎಂದು ದೂರಿ ಟ್ವಿಚ್ ಎಂಬ ವಿಡಿಯೊ ಸೇವೆ 2024ರ ಫೆಬ್ರುವರಿಯಲ್ಲಿ ಆ ದೇಶವನ್ನೇ ಬಿಟ್ಟಿತು. ಆಪ್‌ಗಳಿಗೆ ನಿಯಂತ್ರಣ ಬೇಕೇ ಎಂಬ 2015ರ ಪ್ರಶ್ನೆಯನ್ನು ಟ್ರಾಯ್ 2023ರ ಜುಲೈನಲ್ಲಿ ಮತ್ತೆ ಎತ್ತಿತು. 5ಜಿಯಲ್ಲಿ ಒಂದೇ ಜಾಲವನ್ನು ಹಲವು ಹೋಳು ಮಾಡಿ ಒಂದೊಂದಕ್ಕೆ ಒಂದೊಂದು ಗುಣಮಟ್ಟ ಕೊಡಬಹುದಾದ್ದರಿಂದ, ವಿಶೇಷ ಸೇವೆಗೆಂದು ಇಟ್ಟ ಸಣ್ಣ ಬಾಗಿಲು ಹೆಬ್ಬಾಗಿಲಾಗುವ ಭಯವೂ ಇದೆ.

ಎಸ್‌ಟಿಡಿ ಬೂತಿನ ಮಾದರಿಯನ್ನೇ ಹಿಡಿದು ಕೇಂದ್ರ ಸರ್ಕಾರ 2020ರ ಡಿಸೆಂಬರಿನಲ್ಲಿ ಪಿಎಂ-ವಾಣಿ ಯೋಜನೆ ತಂದಿತು. ಕಿರಾಣಿ ಅಂಗಡಿ, ಚಹಾದಂಗಡಿಯವರು ಲೈಸೆನ್ಸಿಲ್ಲದೆ, ನೋಂದಣಿಯಿಲ್ಲದೆ ವೈಫೈ ಮಾರಬಹುದು. ಅಂಥ ಅಂಗಡಿಗೆ ಪಬ್ಲಿಕ್ ಡೇಟಾ ಆಫೀಸ್ ಎಂದು ಹೆಸರು. ದೇಶದಲ್ಲಿ 2022ರೊಳಗೆ ಒಂದು ಕೋಟಿ ಸಾರ್ವಜನಿಕ ವೈಫೈ ತಾಣ ಎಂಬುದು 2018ರ ದೂರಸಂಪರ್ಕ ನೀತಿಯ ಗುರಿಯಾಗಿತ್ತು, ಅದರ ಹತ್ತಿರಕ್ಕೂ ಹೋಗಲಾಗಲಿಲ್ಲ. ಟೆಲಿಕಾಂ ಕಂಪನಿಗಳು ಅಂಗಡಿಯವರಿಗೆ ಮನೆ ಬಳಕೆಯ ಫೈಬರ್ ಕೊಡದೆ, ದೊಡ್ಡ ಕಚೇರಿಗಳಿಗೆ ಕೊಡುವ ದುಬಾರಿ ಲೀಸ್ಡ್ ಲೈನನ್ನೇ ಕೊಳ್ಳಿ ಎನ್ನುತ್ತಿದ್ದದ್ದು ಒಂದು ಮುಖ್ಯ ಕಾರಣ. 200 ಎಂಬಿಪಿಎಸ್‌ವರೆಗಿನ ಸಂಪರ್ಕಕ್ಕೆ ಇಂಥ ಅಂಗಡಿಗಳಿಂದ ಮನೆ ದರದ ಎರಡುಪಟ್ಟಿಗಿಂತ ಹೆಚ್ಚು ಕೇಳುವಂತಿಲ್ಲ ಎಂದು ಟ್ರಾಯ್ 2025ರ ಜೂನ್‌ನಲ್ಲಿ ಆದೇಶಿಸಿತು. ಈ ಅಂಗಡಿಗಳಲ್ಲಿ ಕೂಪನ್ ಬಿಕರಿಯಾಗುವುದು ಹೊತ್ತಿನ ಲೆಕ್ಕದಲ್ಲಿ, ಇಲ್ಲವೇ ಜಿಬಿ ಲೆಕ್ಕದಲ್ಲಿ.